ಅಪ್ಪನ ಹೆಸರಿನ ಮನೆ, ಅಜ್ಜನ ಹೆಸರಿನ ತೋಟ: ವಾರಸಾ ಆಸ್ತಿ ಮತ್ತು ತೆರಿಗೆಯ ಕೆಲಸ ಹೇಗೆ ಮುಗಿಸೋದು?

ಹದಿಮೂರನೇ ದಿನದ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಅಲ್ದಾ, ಈಗ ಆಸ್ತಿ ನಿಮ್ಮ ಹೆಸರಿಗೆ ಬಂದ್ರೆ ಸರ್ಕಾರಕ್ಕೆ ಎಷ್ಟು ಟ್ಯಾಕ್ಸ್ ಕಟ್ಟಬೇಕು?" ನಮ್ಮ ಮನೆಯಲ್ಲೂ ಕೇಳಿದ್ದರು. ಅಂಗಳದಲ್ಲಿ ಕೂತಿದ್ದ ನಾಲ್ಕು ಜನ ನಾಲ್ಕು ಲೆಕ್ಕ ಹೇಳಿದರು. ಒಂದೂ ಸರಿ ಇರಲಿಲ್ಲ.

ಸರಿಯಾದ ಉತ್ತರ ಸಣ್ಣದು: ಒಂದು ರೂಪಾಯಿಯೂ ಇಲ್ಲ. ಸತ್ತವರ ಆಸ್ತಿಯ ಮೇಲೆ 1953ರ ಕಾಯ್ದೆಯ ಪ್ರಕಾರ ಎಸ್ಟೇಟ್ ಡ್ಯೂಟಿ ಅಂತ ಒಂದು ತೆರಿಗೆ ಇತ್ತು. ಅದನ್ನು 1985ರ ಮಾರ್ಚ್‌ನಲ್ಲಿ ತೆಗೆದರು. ಕರ್ನಾಟಕ ಸರ್ಕಾರಕ್ಕೂ ಅಂಥ ತೆರಿಗೆ ಇಲ್ಲ. ವಾರಸಾ ಹಕ್ಕಿನಿಂದಲೋ ವಿಲ್‌ನಿಂದಲೋ ಬಂದ ಆಸ್ತಿಯನ್ನು ಆದಾಯ ತೆರಿಗೆಯವರೂ ಆದಾಯ ಅಂತ ಲೆಕ್ಕ ಹಿಡಿಯುವುದಿಲ್ಲ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿ? ತಡ ಮಾಡಿದ್ದರಲ್ಲಿ. ನಮ್ಮ ಅಜ್ಜ ತೀರಿಕೊಂಡಿದ್ದು 1999ರಲ್ಲಿ. ಮಕ್ಕಳು ಐದು ಜನ. ಅಂದು ಪೌತಿ ಖಾತೆ, ಅಂದರೆ ಸತ್ತವರ ಬದಲು ವಾರಸುದಾರರ ಹೆಸರು ದಾಖಲೆಗೆ ಹತ್ತಿಸುವ ಕೆಲಸ, ಮಾಡಿಸಿದ್ದರೆ ಅಜ್ಜಿಯೂ ಸೇರಿ ಆರು ಸಹಿ ಸಾಕಿತ್ತು. "ಎಂತಕ್ಕೆ ಅವಸರ, ತೋಟ ಎಲ್ಲಿಗೆ ಹೋಗ್ತದೆ" ಅಂತ ಬಿಟ್ಟರು. 2021ರಲ್ಲಿ ನಾವು ಕೈ ಹಾಕಿದಾಗ ಅಜ್ಜಿ ಇಲ್ಲ, ಐವರಲ್ಲಿ ಇಬ್ಬರು ಇಲ್ಲ. ಅವರ ಮಕ್ಕಳೆಲ್ಲ ಸೇರಿ ಹನ್ನೊಂದು ಸಹಿ ಬೇಕಾಯಿತು. ಒಬ್ಬ ಕುವೈತ್‌ನಲ್ಲಿ, ಇಬ್ಬರು ಮುಂಬೈಯಲ್ಲಿ. ಒಬ್ಬಳು ನಮ್ಮ ಹತ್ತಿರ ಮಾತು ಬಿಟ್ಟು ಎಂಟು ವರ್ಷ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಕಚೇರಿ ಸುತ್ತಿ ಕಲಿತವನು. ಜಗಳ ಇರುವ ಮನೆಯವರು ವಕೀಲರ ಹತ್ತಿರವೇ ಹೋಗಿ.

ಮೊದಲು ನೋಡಿ: ಆ ಜಾಗ ನಿಜವಾಗಿ ನಿಮ್ಮದಾ?

ಬೇರೆ ಜಿಲ್ಲೆಯವರಿಗೆ ಈ ಪ್ರಶ್ನೆ ವಿಚಿತ್ರ ಅನಿಸಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬಹುಪಾಲು ಕಾಡು. ಮನೆಯವರು "ನಮ್ಮ ಜಾಗ" ಅನ್ನುವುದರಲ್ಲಿ ಮೂರ್ನಾಲ್ಕು ಥರದ್ದು ಬೆರೆತಿರುತ್ತದೆ.

ಮಾಲ್ಕಿ ಜಮೀನು ಅಂದರೆ ಪಹಣಿಯ 9ನೇ ಕಲಂನಲ್ಲಿ ನಿಮ್ಮ ಹಿರಿಯರ ಹೆಸರು ಇರುವಂಥದ್ದು. ಹಳಬರು ಪಹಣಿಯನ್ನು ಉತಾರ ಅಂತಲೂ ಅನ್ನುತ್ತಾರೆ, ನಾವು 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿ ಇದ್ದವರಲ್ವಾ. ಈ ಬರಹದಲ್ಲಿ ಹೇಳುವ ಪೌತಿ, ಹಿಸೆ (ಪಾಲು ಮಾಡಿಕೊಳ್ಳುವುದು), ಮಾರಾಟ ಎಲ್ಲ ಇಂಥ ಜಮೀನಿಗೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟದ ಜೊತೆ ಸೊಪ್ಪಿನ ಬೆಟ್ಟ ಬರುತ್ತದೆ. ಬೆಟ್ಟ ನಿಮ್ಮ ಮಾಲ್ಕಿ ಅಲ್ಲ. ಅಲ್ಲಿಂದ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಮಾತ್ರ ನಿಮ್ಮದು. ಅದು ತೋಟಕ್ಕೆ ಅಂಟಿಕೊಂಡು ಬರುತ್ತದೆ. ಹಿಸೆ ಪತ್ರದಲ್ಲಿ "ಬೆಟ್ಟ ಎರಡು ಎಕರೆ ನನ್ನ ಪಾಲಿಗೆ" ಅಂತ ಬರೆದುಕೊಂಡು ನೆಮ್ಮದಿಯಾಗಿ ಇರುವವರನ್ನು ನೋಡಿದ್ದೇನೆ. ಆ ಸಾಲಿನಿಂದ ಮಾಲೀಕತ್ವ ಬರುವುದಿಲ್ಲ.

ಅತಿಕ್ರಮಣದ ಜಾಗಕ್ಕೆ ಪೌತಿ ಖಾತೆ ಆಗುವುದಿಲ್ಲ, ಮನೆ ಮೂರು ತಲೆಮಾರಿನದಾದರೂ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೆ ಮಾತ್ರ ಅದು ಮಕ್ಕಳಿಗೆ ಬರುತ್ತದೆ. ಆದರೆ ಮಾರಲು ಬರುವುದಿಲ್ಲ. ಆ ಕಾಯ್ದೆಗೆ ಕಟ್‌ಆಫ್ ದಿನ 2005ರ ಡಿಸೆಂಬರ್ 13. ಬುಡಕಟ್ಟಿನವರಲ್ಲದವರು 75 ವರ್ಷದ ವಾಸ ತೋರಿಸಬೇಕು. ಅದಕ್ಕೇ ಇಲ್ಲಿ ಅಷ್ಟೊಂದು ಅರ್ಜಿ ಬಿದ್ದುಹೋಗಿದೆ.

ಇನ್ನೊಂದು, ಗೇಣಿಯಿಂದ ಬಂದ ಗದ್ದೆ. ಅಂಕೋಲಾ, ಕುಮಟಾ, ಕಾರವಾರ ಕಡೆ ಇದು ಜಾಸ್ತಿ. ಗೇಣಿ ಭೂಮಿ 1974ರ ಮಾರ್ಚ್ 1ಕ್ಕೆ ಸರ್ಕಾರದ್ದಾಯಿತು. ಆಮೇಲೆ 7ನೇ ನಂಬರ್ ಫಾರಂ ಹಾಕಿದವರಿಗೆ ಭೂ ನ್ಯಾಯಮಂಡಳಿ ಹಕ್ಕು ಕೊಟ್ಟಿತು. ಎಷ್ಟೋ ಮನೆಯಲ್ಲಿ ಫಾರಂ ಹಾಕಿದ್ದು ಹಿರಿಯಣ್ಣ ಒಬ್ಬನೇ. ಈಗ ಅವನ ಮಕ್ಕಳು "ಇದು ನಮ್ಮಪ್ಪಂದು" ಅನ್ನುತ್ತಾರೆ. ಆಗ ಎಲ್ಲರೂ ಒಟ್ಟಿಗಿದ್ದು, ಮನೆಯವರೆಲ್ಲ ಸೇರಿ ಗೇಣಿ ಮಾಡುತ್ತಿದ್ದದ್ದು ತೋರಿಸಿದರೆ ಉಳಿದವರಿಗೂ ಪಾಲು ಉಂಟು. ನ್ಯಾಯಮಂಡಳಿಯ ಆದೇಶದ ನಕಲು ತೆಗೆಸಿ ಓದಿ. ಪಹಣಿ ಮಾತ್ರ ನೋಡಿ ಜಗಳಕ್ಕೆ ನಿಲ್ಲಬೇಡಿ.

ವಾರಸುದಾರರು ಯಾರು?

ಹಿಂದೂಗಳಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಗಂಡಸು ವಿಲ್ ಮಾಡದೆ ತೀರಿಕೊಂಡರೆ ಅವನ ಪಾಲು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ಎಲ್ಲರೂ ಮರೆಯುವುದು ಈ ತಾಯಿಯನ್ನು.

ಒಂದು ಲೆಕ್ಕ ನೋಡಿ. ಕಾರವಾರದಲ್ಲಿ ಒಬ್ಬರು ಸ್ವಂತ ದುಡಿದು ಮನೆ ಕಟ್ಟಿಸಿದರು. ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ತೊಂಬತ್ತರ ಅಜ್ಜಿಯೂ ಇದ್ದಾರೆ, ಅಂದರೆ ಅವರ ತಾಯಿ. ಪಾಲು ನಾಲ್ಕಲ್ಲ, ಐದು. ಮನೆಯವರು ಅಜ್ಜಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡು ವರ್ಷಕ್ಕೆ ಅಜ್ಜಿಯೂ ಹೋದರು. ಅವರ ಐದನೇ ಒಂದು ಪಾಲು ಅವರ ಎಲ್ಲ ಮಕ್ಕಳಿಗೆ ಹಂಚಿಹೋಗುತ್ತದೆ. ಅಂದರೆ ಚಿಕ್ಕಪ್ಪನಿಗೂ ಅತ್ತೆಯಂದಿರಿಗೂ ಈ ಮನೆಯಲ್ಲಿ ಪಾಲು ಬಂತು. ಅಜ್ಜಿ ಇದ್ದಾಗ ಒಂದು ಹಕ್ಕು ಬಿಡುಗಡೆ ಪತ್ರವೋ ವಿಲ್ಲೋ ಮಾಡಿಸಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಮನೆ ಮಾರಲು ಹೊರಟಾಗ, ಬ್ಯಾಂಕಿನ ವಕೀಲರು ವಂಶಾವಳಿ ನೋಡಿ "ಇವರ ತಾಯಿ ಯಾವಾಗ ತೀರಿಕೊಂಡಿದ್ದು?" ಅಂದಾಗಲೇ ಇದು ಗೊತ್ತಾಗುವುದು.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹುಟ್ಟಿನ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು. ಮದುವೆಯಾಗಿರಲಿ ಬಿಡಲಿ, ಮಗನಷ್ಟೇ ಮಗಳಿಗೂ. ಆ ದಿನ ಅಪ್ಪ ಬದುಕಿರಲೇಬೇಕು ಅಂತ ಇಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಹಿಸೆ ಇದ್ದರೆ ಅದನ್ನು ಕೆದಕುವಂತಿಲ್ಲ. "ಅವಳಿಗೆ ಮದುವೆಯಲ್ಲಿ ಬಂಗಾರ ಹಾಕಿದ್ದೇವಲ್ಲ" ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಸೀರೆ, ಕುಪ್ಪಸ ಕೊಟ್ಟು ಬಿಳಿ ಹಾಳೆಯಲ್ಲಿ ಸಹಿ ಹಾಕಿಸಿಕೊಂಡಿದ್ದಕ್ಕೂ ಇಲ್ಲ.

ಹೆಂಗಸು ತೀರಿಕೊಂಡರೆ ಮಕ್ಕಳು ಮತ್ತು ಗಂಡನಿಗೆ. ಮಕ್ಕಳೇ ಇಲ್ಲದಿದ್ದರೆ, ತವರಿನಿಂದ ಬಂದ ಆಸ್ತಿ ತವರಿಗೇ ತಿರುಗುತ್ತದೆ, ಗಂಡನಿಗಲ್ಲ.

ಕಾರವಾರದ ಕ್ರೈಸ್ತ ಮನೆಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮಪಾಲು. ಭಟ್ಕಳ, ಹೊನ್ನಾವರದ ಮುಸ್ಲಿಂ ಮನೆಗಳಿಗೆ ಅವರ ವೈಯಕ್ತಿಕ ಕಾನೂನು. ಅಲ್ಲಿ ಹುಟ್ಟಿನಿಂದ ಬರುವ ಹಕ್ಕು ಅಂತ ಇಲ್ಲ, ಉಳಿದ ವಾರಸುದಾರರು ಒಪ್ಪದೆ ಮೂರನೇ ಒಂದಕ್ಕಿಂತ ಹೆಚ್ಚು ವಿಲ್ ಮಾಡುವಂತಿಲ್ಲ. ಗಡಿಯಲ್ಲಿ ಇರುವ ನಮಗೆ ಇನ್ನೊಂದು ಸಿಕ್ಕು ಉಂಟು. ಗೋವೆಯ ಮೂಲನಿವಾಸಿ ಒಬ್ಬರು ಕಾರವಾರದಲ್ಲಿ ಮನೆ ಇಟ್ಟು ತೀರಿಕೊಂಡರೆ ಆ ಮನೆಗೂ ಗೋವೆಯ ಪೋರ್ಚುಗೀಸ್ ಕಾಲದ ಸಿವಿಲ್ ಕೋಡ್ ಅನ್ವಯ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಮಾಜಾಳಿ ಗೇಟಿನ ಈಚೆ ಆಚೆ ಸಂಬಂಧ ಇರುವವರು ಇದನ್ನು ನೆನಪಿಡಿ.

ವಿಲ್ ಇದ್ದರೆ? ನಮ್ಮ ಕಡೆ ಪ್ರೊಬೇಟ್, ಅಂದರೆ ವಿಲ್‌ಗೆ ಕೋರ್ಟಿನ ಮುದ್ರೆ, ಕಡ್ಡಾಯ ಅಲ್ಲ. ನೋಂದಣಿಯೂ ಕಡ್ಡಾಯ ಅಲ್ಲ, ಆದರೆ ಮಾಡಿಸಿದ್ದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಸಾಕ್ಷಿಗಳು ವಿಲ್ ಬರೆದವರಿಗಿಂತ ಚಿಕ್ಕ ವಯಸ್ಸಿನವರಾಗಿರಲಿ. ಸಾಕ್ಷಿಗಳಿಬ್ಬರೂ ಸ್ವರ್ಗದಲ್ಲಿದ್ದರೆ ಕೋರ್ಟಿನಲ್ಲಿ ಕಷ್ಟ.

ಕಾಗದ ಒಟ್ಟು ಮಾಡುವುದು

ಮರಣ ಪತ್ರದಿಂದ ಶುರು. 21 ದಿನದೊಳಗೆ ನೋಂದಣಿ ಮಾಡಿಸಿದರೆ ಸುಲಭ. ವರ್ಷ ದಾಟಿದರೆ ಮೇಲಧಿಕಾರಿಯ ಆದೇಶ ಬೇಕು. ಹತ್ತು ಪ್ರತಿ ತೆಗೆದಿಟ್ಟುಕೊಳ್ಳಿ.

ಆಮೇಲೆ ವಂಶಾವಳಿ. ನಾಡಕಚೇರಿಯಲ್ಲಿ ಅರ್ಜಿ. ಜೊತೆಗೆ ಅಫಿಡವಿಟ್, ಮನೆಯವರ ಆಧಾರ್, ರೇಷನ್ ಕಾರ್ಡ್. ಗ್ರಾಮ ಆಡಳಿತಾಧಿಕಾರಿ ಬಂದು ವಿಚಾರಿಸುತ್ತಾರೆ. ಈಗ ಅವರಿಗೆ ಈ ಹೆಸರು. ನಮ್ಮ ಆಯಿ ಇವತ್ತಿಗೂ "ಶಾನುಭಾಗರು" ಅಂತಲೇ ಅನ್ನುವುದು. ವಂಶಾವಳಿಯಲ್ಲಿ ಒಬ್ಬರ ಹೆಸರು ಬಿಟ್ಟರೂ ಮುಂದೆ ಎಲ್ಲ ಕಾಗದವೂ ಅಲ್ಲಾಡುತ್ತದೆ. ಊರು ಬಿಟ್ಟು ಹೋದವನು, ಬೇರೆ ಜಾತಿಯಲ್ಲಿ ಮದುವೆಯಾದವಳು, ಮೊದಲ ಹೆಂಡತಿಯ ಮಗ, ಎಲ್ಲರನ್ನೂ ಬರೆಯಿಸಿ. ತೀರಿಕೊಂಡವರನ್ನೂ "ಮೃತ" ಅಂತ ಹಾಕಿ ಬರೆಯಿಸಿ.

ಇಲ್ಲಿ ನಮಗೆ ಆದದ್ದು ಹೇಳುತ್ತೇನೆ. ಪಹಣಿಯಲ್ಲಿ ಅಜ್ಜನ ಹೆಸರು "ಸುಬ್ರಾಯ". ಮರಣ ಪತ್ರದಲ್ಲಿ "ಸುಬ್ಬರಾಯ". ಒಂದು ಕಚೇರಿಯಲ್ಲಿ ಫೈಲು ಏಳು ವಾರ ಕೂತಿತು. ಏಕೆ ಅಂತ ಯಾರೂ ಹೇಳಲಿಲ್ಲ. ಕೊನೆಗೆ ಟೇಬಲ್ಲಿನ ಆ ಕಡೆಯಿಂದ ಒಬ್ಬರು ಪೆನ್ನಿನ ತುದಿಯಲ್ಲಿ ಆ "ಬ್ಬ" ತೋರಿಸಿದರು. "ಇಬ್ಬರೂ ಒಬ್ಬರೇ" ಎಂದು ಅಫಿಡವಿಟ್ ಕೊಟ್ಟೆವು, ಹತ್ತು ನಿಮಿಷದ ಕೆಲಸ. ಅರ್ಜಿ ಕೊಡುವ ಮೊದಲೇ ಪಹಣಿ, ಆಧಾರ್, ಮರಣ ಪತ್ರ ಮೂರನ್ನೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ.

ಪೌತಿ ಖಾತೆ: ತೋಟ, ಗದ್ದೆಗೆ

ಪೌತಿ ಅಂದರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಪಹಣಿಗೆ ಹತ್ತಿಸುವುದು. ಮರಣ ಪತ್ರ, ವಂಶಾವಳಿ, ಎಲ್ಲರ ಆಧಾರ್, ಸರ್ವೆ ನಂಬರಿನ ಪಹಣಿ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ. 2025ರಿಂದ ಕಂದಾಯ ಇಲಾಖೆ ಇ-ಪೌತಿ ಅಂತ ಆಂದೋಲನ ನಡೆಸುತ್ತಿದೆ. ಗ್ರಾಮ ಆಡಳಿತಾಧಿಕಾರಿಗಳೇ ಊರಿಗೆ ಬಂದು ಆಧಾರ್ ಒಟಿಪಿ ಪಡೆದು ಮಾಡಿಕೊಡುತ್ತಾರೆ. ಆ ಅವಕಾಶ ಬಿಡಬೇಡಿ.

ಅರ್ಜಿ ಆದ ಮೇಲೆ 30 ದಿನದ ನೋಟಿಸ್. ಯಾರೂ ತಕರಾರು ಹಾಕದಿದ್ದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡುತ್ತಾರೆ. ತಕರಾರು ಬಂದರೆ ತಹಶೀಲ್ದಾರರ ಮುಂದೆ ವಿಚಾರಣೆ. ಅಲ್ಲಿ ಸೋತರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ ಈ ನಾಲ್ಕು ಕಡೆ ಅವರ ಕಚೇರಿ ಇದೆ.

ಪೌತಿಯನ್ನು ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಮಾಡಿಸಿ. "ಹಿರಿಯವನ ಹೆಸರಿಗೆ ಆಗಲಿ, ಉಳಿದವರು ಒಪ್ಪಿಗೆ ಕೊಡ್ತಾರೆ" ಎಂಬ ದಾರಿ ಸಲೀಸು ಕಾಣುತ್ತದೆ. ಆದರೆ ಆ ಒಪ್ಪಿಗೆಯ ಕಾಗದದಿಂದ ತಂಗಿಯ ಹಕ್ಕು ಹೋಗುವುದಿಲ್ಲ. ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಹಕ್ಕು ಬಿಡಬೇಕೆಂದರೆ ನೋಂದಣಿ ಆಗಲೇಬೇಕು. ಹಾಗೇ, ಪಹಣಿಯಲ್ಲಿ ಒಬ್ಬನದೇ ಹೆಸರು ಇದ್ದ ಮಾತ್ರಕ್ಕೆ ಅವನೊಬ್ಬನೇ ಮಾಲೀಕ ಆಗುವುದಿಲ್ಲ. ಖಾತೆ ಕಂದಾಯ ವಸೂಲಿಗೆ ಇರುವ ದಾಖಲೆ. ಹಕ್ಕು ಬರುವುದು ವಾರಸಾ ಕಾನೂನಿನಿಂದ, ಇಲ್ಲವೇ ನೋಂದಣಿಯಾದ ಪತ್ರದಿಂದ.

ಆದರೂ ಪೌತಿ ಯಾಕೆ ಬೇಕು ಅಂದರೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಸೊಸೈಟಿಯ ಬೆಳೆಸಾಲ, ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್. ಪಿಎಂ ಕಿಸಾನ್‌ಗೆ 2019ರ ಫೆಬ್ರುವರಿ 1ರೊಳಗೆ ಜಮೀನು ಹೆಸರಲ್ಲಿರಬೇಕು ಅಂತ ನಿಯಮ, ವಾರಸಾದಿಂದ ಬಂದವರಿಗೆ ಮಾತ್ರ ಅದರಲ್ಲಿ ವಿನಾಯಿತಿ. ಮಳೆ ಹೆಚ್ಚಾಗಿ ಅಡಿಕೆಗೆ ಕೊಳೆ ರೋಗ ಬಂದ ವರ್ಷ ವಿಮೆ ಹಣ ಪಕ್ಕದ ತೋಟದವರಿಗೆ ಬರುತ್ತದೆ, ನಿಮಗೆ ಬರುವುದಿಲ್ಲ. ಆಗ ತಿಳಿಯುತ್ತದೆ ಪೌತಿಯ ಬೆಲೆ.

ಪಹಣಿಯ 11ನೇ ಕಲಂ ಕೂಡ ನೋಡಿ. ಸಾಲದ ಬೋಜಾ ಅಲ್ಲಿ ಕೂತಿರುತ್ತದೆ. ಅಪ್ಪ ತೀರಿಸಿ ಇಪ್ಪತ್ತು ವರ್ಷ ಆದ ಸಾಲವೂ ಕೆಲವೊಮ್ಮೆ ಹಾಗೇ ಇರುತ್ತದೆ. ಸೊಸೈಟಿಯಿಂದ ಬಾಕಿ ಇಲ್ಲದ ಪತ್ರ ತಂದು ತೆಗೆಸಿ.

ಪೇಟೆಯ ಮನೆಗೆ

ಪೇಟೆಯಲ್ಲಿ ಒಂದೇ ಕಡೆ ಹೆಸರು ಬದಲಾದರೆ ಸಾಲದು. ನಗರಸಭೆ ಅಥವಾ ಪುರಸಭೆಯ ಇ-ಆಸ್ತಿ ಖಾತೆ ಒಂದು. ಸಿಟಿ ಸರ್ವೆ ಆದ ಜಾಗವಾದರೆ ಪ್ರಾಪರ್ಟಿ ಕಾರ್ಡ್ ಬೇರೆ, ಅದರ ಕಚೇರಿಯೂ ಬೇರೆ. ಜಾಗಕ್ಕೆ ಬಿನ್‌ಶೇತ್ಕಿ (ಕೃಷಿಯೇತರ ಪರಿವರ್ತನೆ) ಆದ ಮೇಲೂ ಪಹಣಿ ಉಳಿದಿದ್ದರೆ ಅದನ್ನೂ ನೋಡಿ. ಹೆಸ್ಕಾಂ ಮೀಟರು, ನಲ್ಲಿ ಸಂಪರ್ಕ ಆಮೇಲೆ. ಹಳ್ಳಿಯ ಮನೆಯಾದರೆ ಗ್ರಾಮ ಪಂಚಾಯ್ತಿಯ ಇ-ಸ್ವತ್ತು. ಅಲ್ಲಿ ನಮೂನೆ 9 ಮತ್ತು 11ಎ ಸಿಕ್ಕರೆ ಗಟ್ಟಿ. 11ಬಿ ಆದರೆ ಜಾಗದ ದಾಖಲೆಯಲ್ಲಿ ಏನೋ ಕೊರತೆ ಇದೆ ಅಂತ ಅರ್ಥ.

ಮನೆ ತೆರಿಗೆ ಬಾಕಿ ಇದ್ದರೆ ಅದು ಮನೆಯ ಜೊತೆಗೇ ನಿಮ್ಮ ತಲೆಗೆ ಬರುತ್ತದೆ. ಬಾಕಿ ಕಟ್ಟದೆ ಹೆಸರು ಬದಲಿಸಿಕೊಡುವುದಿಲ್ಲ. ಪೇಟೆಯಲ್ಲಿ ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ತಡ ಮಾಡಿದರೆ ತಿಂಗಳಿಗೆ ಶೇ 2 ದಂಡ. ಬಾಗಿಲು ಹಾಕಿದ ಮನೆ ಅಂತ ಹತ್ತು ವರ್ಷ ಬಿಟ್ಟರೆ ದಂಡವೇ ಅಸಲನ್ನು ಮೀರುತ್ತದೆ. ಜಗಳ ಮುಗಿಯುವವರೆಗೆ ಯಾರಾದರೊಬ್ಬರು ಕಟ್ಟುತ್ತಿರಿ, ರಸೀದಿ ಇಟ್ಟುಕೊಳ್ಳಿ. ಕೊನೆಯ ಲೆಕ್ಕದಲ್ಲಿ ಮುರಿದುಕೊಂಡರಾಯಿತು.

ಹಿಸೆ, ಹಕ್ಕು ಬಿಡುಗಡೆ, ದಾನ: ಮುದ್ರಾಂಕ ಎಷ್ಟು?

ರಾಜ್ಯದ ತೆರಿಗೆ ಬರುವುದು ಇಲ್ಲಿ. ಪೌತಿಗೆ ಮುದ್ರಾಂಕ ಶುಲ್ಕ ಇಲ್ಲ. ಪಾಲು ಬೇರೆ ಮಾಡಿಕೊಂಡರೆ, ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಪತ್ರ ನೋಂದಣಿ ಆಗಬೇಕು, ಶುಲ್ಕ ಬೀಳುತ್ತದೆ.

ಕುಟುಂಬದೊಳಗಿನ ಪತ್ರಕ್ಕೆ ಆಸ್ತಿ ಬೆಲೆಯ ಶೇಕಡಾ ಲೆಕ್ಕ ಇಲ್ಲ. ಪಾಲಿಗೆ ಇಷ್ಟು, ಪತ್ರಕ್ಕೆ ಇಷ್ಟು ಅಂತ ನಿಗದಿ. ಅದೇ ಹೊರಗಿನವರಿಗೆ ಕ್ರಯ ಮಾಡಿದರೆ ಮುದ್ರಾಂಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, ಜೊತೆಗೆ ನೋಂದಣಿ ಶುಲ್ಕ. ಈ ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಐವತ್ತು ಲಕ್ಷದ ಮನೆಗೆ ಒಳಗಿನ ಪತ್ರ ಕೆಲವು ಸಾವಿರದಲ್ಲಿ ಮುಗಿದರೆ ಹೊರಗಿನ ಪತ್ರಕ್ಕೆ ಮೂರೂವರೆ ಲಕ್ಷ ದಾಟುತ್ತದೆ. ಅದಕ್ಕೇ ಅಣ್ಣತಮ್ಮಂದಿರು ತಮ್ಮೊಳಗೆ ಕ್ರಯಪತ್ರ ಮಾಡಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಬಿಡುಗಡೆ ಪತ್ರದಲ್ಲೇ ಆಗುವ ಕೆಲಸ ಇರಬಹುದು.

ಆದರೆ "ಕುಟುಂಬ" ಅಂದರೆ ಯಾರು ಎಂಬುದನ್ನು ಕಾಯ್ದೆಯೇ ಹೇಳುತ್ತದೆ. ಗಂಡ, ಹೆಂಡತಿ, ಮಕ್ಕಳು, ಸೊಸೆ, ಮೊಮ್ಮಕ್ಕಳು, ಇಂಥವರು. ಅಣ್ಣನ ಮಗ ಅದರಲ್ಲಿ ಇಲ್ಲ. ಮಕ್ಕಳಿಲ್ಲದ ಚಿಕ್ಕಪ್ಪ ತೋಟವನ್ನು ಅಣ್ಣನ ಮಗನಿಗೆ ದಾನಪತ್ರ ಮಾಡಿದರೆ ಮುದ್ರಾಂಕ ಪೂರ್ತಿ ಶೇಕಡಾ ಲೆಕ್ಕದಲ್ಲಿ. ಆದರೆ ಅದೇ ದಾನಕ್ಕೆ ಆದಾಯ ತೆರಿಗೆ ಇಲ್ಲ, ಯಾಕೆಂದರೆ ಆ ಕಾಯ್ದೆಯ ಸಂಬಂಧಿಕರ ಪಟ್ಟಿಯಲ್ಲಿ ಅಪ್ಪನ ತಮ್ಮ ಇದ್ದಾನೆ. ಒಂದೇ ದಾನ, ಎರಡು ಕಾಯ್ದೆ, ಎರಡು ಉತ್ತರ. ಚಿಕ್ಕಪ್ಪ ವಿಲ್ ಬರೆದಿಟ್ಟರೆ ಎರಡೂ ಇಲ್ಲ. ವಿಲ್‌ಗೆ ಮುದ್ರಾಂಕವೇ ಇಲ್ಲ.

ಜಮೀನು ತುಂಡು ಮಾಡಿ ಹಿಸೆ ಮಾಡುವುದಾದರೆ ಮೊದಲು 11ಇ ನಕ್ಷೆಗೆ ಅರ್ಜಿ ಕೊಡಿ. ಸರ್ವೆಯವರು ಅಳೆದು ಕೊಟ್ಟ ನಕ್ಷೆ ಇಲ್ಲದೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಪತ್ರ ಮುಂದೆ ಹೋಗುವುದಿಲ್ಲ. ಮಳೆಗಾಲದಲ್ಲಿ ಅಳತೆ ನಡೆಯುವುದು ಕಷ್ಟ. ದೀಪಾವಳಿ ಆದ ಕೂಡಲೇ ಸರ್ವೆ ಆಗುವ ಹಾಗೆ ಅರ್ಜಿ ಹಾಕಿಟ್ಟುಕೊಳ್ಳಿ. ಪತ್ರದಲ್ಲಿ ನೀರಿನ ಕಾಲುವೆ, ತೋಟಕ್ಕೆ ಹೋಗುವ ದಾರಿ, ಬಾವಿ, ಅಡಿಕೆ ಒಣಗಿಸುವ ಅಂಗಳ ಯಾರಿಗೆ ಅಂತ ಬಿಡಿಸಿ ಬರೆಯಿಸಿ. ನಾನು ನೋಡಿದ ಮಟ್ಟಿಗೆ ಹಿಸೆಯ ನಂತರದ ಜಗಳ ಎಕರೆಗಾಗಿ ಅಲ್ಲ, ದಾರಿ ಮತ್ತು ನೀರಿಗಾಗಿ.

ತೀರಿಕೊಂಡವರ ಆದಾಯ ತೆರಿಗೆ, ಬ್ಯಾಂಕು, ಸೊಸೈಟಿ

ಏಪ್ರಿಲ್ 1ರಿಂದ ತೀರಿಕೊಂಡ ದಿನದವರೆಗಿನ ಅವರ ಆದಾಯಕ್ಕೆ ವಾರಸುದಾರರು ರಿಟರ್ನ್ ಹಾಕಬೇಕು, ಅದು ತೆರಿಗೆ ಮಿತಿಯೊಳಗೆ ಬಂದಿದ್ದರೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ವಾರಸುದಾರ ಅಂತ ನೋಂದಾಯಿಸಿಕೊಳ್ಳಿ. ಅವರ ಪ್ಯಾನ್, ಮರಣ ಪತ್ರ, ವಾರಸಾ ದಾಖಲೆ ಬೇಕು. ಆ ದಿನದ ನಂತರದ ಎಫ್‌ಡಿ ಬಡ್ಡಿ, ಮನೆ ಬಾಡಿಗೆ ನಿಮ್ಮ ಆದಾಯ. ಅಪ್ಪನ ಪ್ಯಾನ್‌ನಲ್ಲೇ ಬಡ್ಡಿ ಜಮೆ ಆಗುತ್ತಿರಲಿ ಅಂತ ಬಿಡಬೇಡಿ. ಅವರ ಹಳೇ ತೆರಿಗೆ ಬಾಕಿ ಇದ್ದರೆ ನಿಮಗೆ ಬಂದ ಆಸ್ತಿಯ ಬೆಲೆಯಷ್ಟಕ್ಕೆ ಮಾತ್ರ ನೀವು ಹೊಣೆ. ನಿಮ್ಮ ಸ್ವಂತ ದುಡ್ಡಿಗೆ ಕೈ ಹಾಕುವಂತಿಲ್ಲ. ಅಡಿಕೆ, ಕಾಳುಮೆಣಸಿನ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಬೇರೆ ಸಂಬಳ ಇದ್ದವರಿಗೆ ಮಾತ್ರ ದರ ಲೆಕ್ಕ ಹಾಕುವಾಗ ಅದನ್ನು ಸೇರಿಸುತ್ತಾರೆ.

ಬ್ಯಾಂಕು, ಸೊಸೈಟಿ ಠೇವಣಿಯಲ್ಲಿ ನಾಮಿನಿ ಹೆಸರು ಇದ್ದರೆ ದುಡ್ಡು ಬೇಗ ಸಿಗುತ್ತದೆ. ಆದರೆ ನಾಮಿನಿ ಮಾಲೀಕನಲ್ಲ. ಪಡೆದು ವಾರಸುದಾರರಿಗೆ ಹಂಚಬೇಕಾದವನು. ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಷೇರುಗಳಿಗೂ ಇದೇ ಅಂದಿದೆ. ನಾಮಿನಿ ಇಲ್ಲದ ದೊಡ್ಡ ಮೊತ್ತಕ್ಕೆ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಅದು ಠೇವಣಿ, ಷೇರಿಗೆ ಮಾತ್ರ, ಜಮೀನಿಗೆ ಅಲ್ಲ.

ಮಾರುವಾಗ

ಇಲ್ಲಿ ತೆರಿಗೆ ನಿಜವಾಗಿ ಬರುತ್ತದೆ. ಆದರೆ ತೋಟ, ಗದ್ದೆ ಮಾರುವವರು ಮೊದಲು ಇದನ್ನು ಕೇಳಿಕೊಳ್ಳಿ: ಅದು ಗ್ರಾಮೀಣ ಕೃಷಿ ಭೂಮಿಯಾ? ಹೌದಾದರೆ ಲಾಭಕ್ಕೆ ತೆರಿಗೆಯೇ ಇಲ್ಲ. ಪೇಟೆ ಹದ್ದಿನೊಳಗೆ ಇರಬಾರದು. ಜನಸಂಖ್ಯೆ 10 ಸಾವಿರದಿಂದ 1 ಲಕ್ಷದೊಳಗಿನ ಪೇಟೆಯಾದರೆ ಅದರ ಗಡಿಯಿಂದ 2 ಕಿ.ಮೀ. ಆಚೆ ಇರಬೇಕು. 2011ರ ಜನಗಣತಿಯಲ್ಲಿ ಕಾರವಾರ, ಶಿರಸಿ ಎರಡೂ ಲಕ್ಷದ ಒಳಗೇ ಇದ್ದವು, ಹಾಗಾಗಿ ಇಲ್ಲಿ 2 ಕಿ.ಮೀ. ಲೆಕ್ಕ. ರಸ್ತೆಯ ಅಳತೆ ಅಲ್ಲ, ನಕ್ಷೆಯಲ್ಲಿ ನೇರ ಗೆರೆ ಎಳೆದ ಅಳತೆ. ಕಾಳಿ ಹೊಳೆ ದಾಟಿ, ಗುಡ್ಡ ಸುತ್ತಿ ಆರು ಕಿ.ಮೀ. ಹೋಗಬೇಕಾದ ಗದ್ದೆ ನೇರ ಗೆರೆಯಲ್ಲಿ ಒಂದೂವರೆ ಕಿ.ಮೀ. ಇರಬಹುದು. ಮಾರುವ ಮೊದಲೇ ಅಳೆಸಿ ಪತ್ರ ಇಟ್ಟುಕೊಳ್ಳಿ.

ಪೇಟೆಯ ಮನೆ, ಸೈಟಿಗೆ ಲೆಕ್ಕ ಹೀಗೆ. ವಾರಸಾ ಆಸ್ತಿಗೆ ನೀವು ದುಡ್ಡು ಕೊಟ್ಟಿಲ್ಲ, ಆದರೆ ಅಸಲು ಸೊನ್ನೆ ಅಲ್ಲ. ಮೊದಲು ದುಡ್ಡು ಕೊಟ್ಟು ಕೊಂಡ ಹಿರಿಯರ ಬೆಲೆಯೇ ನಿಮ್ಮ ಅಸಲು. ಅವರು ಇಟ್ಟುಕೊಂಡ ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. ಒಟ್ಟು 24 ತಿಂಗಳು ದಾಟಿದ್ದರೆ ದೀರ್ಘಾವಧಿ ಲಾಭ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲು ಅಂತ ಹಿಡಿಯಬಹುದು, ಅಂದಿನ ಸರ್ಕಾರಿ ದರ ಮೀರದ ಹಾಗೆ. ನೋಂದಾಯಿತ ವ್ಯಾಲ್ಯುಯರ್ ಹತ್ತಿರ ವರದಿ ಬರೆಯಿಸಿ.

2024ರ ಜುಲೈ 23ರಿಂದ ದರ ಶೇ 12.5, ಹಣದುಬ್ಬರದ ಇಂಡೆಕ್ಸ್ ಇಲ್ಲದೆ. ಅದಕ್ಕೆ ಮೊದಲು ಬಂದ ಜಾಗ, ಕಟ್ಟಡ ಇದ್ದ ಭಾರತವಾಸಿಗಳಿಗೆ ಹಳೇ ದಾರಿಯೂ ಉಳಿದಿದೆ: ಇಂಡೆಕ್ಸ್ ಹಾಕಿ ಶೇ 20. ಯಾವುದು ಕಡಿಮೆಯೋ ಅದು.

2001ಕ್ಕೆ 4 ಲಕ್ಷ ಬಾಳುತ್ತಿದ್ದ ಮನೆಯನ್ನು 2025-26ರಲ್ಲಿ 60 ಲಕ್ಷಕ್ಕೆ ಮಾರಿದಿರಿ ಅನ್ನಿ. ಲಾಭ 56 ಲಕ್ಷ, ಶೇ 12.5 ಅಂದರೆ 7 ಲಕ್ಷ. ಹಳೇ ದಾರಿಯಲ್ಲಿ ಆ ವರ್ಷದ ಇಂಡೆಕ್ಸ್ 376, ಹಾಗಾಗಿ ಅಸಲು 3.76 ಪಟ್ಟಾಗಿ 15.04 ಲಕ್ಷ ಆಗುತ್ತದೆ. ಉಳಿದ 44.96 ಲಕ್ಷಕ್ಕೆ ಶೇ 20, ಸುಮಾರು 9 ಲಕ್ಷ. ಹೊಸ ದಾರಿ ಲಾಭ. ಅದೇ 2001ಕ್ಕೆ 8 ಲಕ್ಷ ಇದ್ದ ಮನೆ 40 ಲಕ್ಷಕ್ಕೆ ಹೋದರೆ ಹೊಸ ದಾರಿಯಲ್ಲಿ 4 ಲಕ್ಷ, ಹಳೇ ದಾರಿಯಲ್ಲಿ 2 ಲಕ್ಷದ ಒಳಗೆ. ನಾನು ಇಟ್ಟುಕೊಂಡ ಅಂದಾಜು ಇಷ್ಟು: ಮಾರಿದ ಬೆಲೆ 2001ರ ಬೆಲೆಯ ಸುಮಾರು 8.4 ಪಟ್ಟು ದಾಟಿದರೆ ಹೊಸದು, ಇಲ್ಲದಿದ್ದರೆ ಹಳೇದು. ಎರಡಕ್ಕೂ ಶೇ 4 ಸೆಸ್ ಮೇಲಿಂದ.

ತೆರಿಗೆ ಉಳಿಸಬೇಕೆಂದರೆ, ಮನೆ ಮಾರಿದ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಿ ಅಥವಾ ಮೂರು ವರ್ಷದೊಳಗೆ ಕಟ್ಟಿಸಿ. ಇಲ್ಲವೇ ಆರು ತಿಂಗಳೊಳಗೆ 50 ಲಕ್ಷದವರೆಗೆ ಸರ್ಕಾರ ಸೂಚಿಸಿದ ಬಾಂಡಿಗೆ ಹಾಕಿ. ಅದು ಐದು ವರ್ಷ ಕೈಗೆ ಬರುವುದಿಲ್ಲ. ಪಾಲುದಾರರು ನಾಲ್ವರಿದ್ದರೆ ಲಾಭವೂ ನಾಲ್ಕು ಪಾಲು. ನಾಲ್ವರೂ ಬೇರೆ ಬೇರೆ ಲೆಕ್ಕ ತೋರಿಸಬೇಕು. ಎಲ್ಲ ದುಡ್ಡೂ ಒಬ್ಬನ ಖಾತೆಗೆ ಹಾಕಿಸಿಕೊಂಡರೆ ನೋಟಿಸೂ ಅವನೊಬ್ಬನಿಗೇ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ. ಕಲಂ ನಂಬರುಗಳು ಬದಲಾಗಿವೆ, ಹಾಗಾಗಿ ಹಳೇ ನಂಬರು ಹಿಡಿದು ಹುಡುಕಬೇಡಿ.

ಪತ್ರದಲ್ಲಿ ಕಡಿಮೆ ಬೆಲೆ ತೋರಿಸುವ ಅಭ್ಯಾಸ ಬಿಡಿ. ಮಾರ್ಗಸೂಚಿ ದರಕ್ಕಿಂತ ಶೇ 10ಕ್ಕಿಂತ ಹೆಚ್ಚು ಕಡಿಮೆ ಬಿದ್ದರೆ ಆ ದರದ ಮೇಲೆಯೇ ತೆರಿಗೆ ಹಾಕುತ್ತಾರೆ.

ದೂರದಲ್ಲಿರುವವರ ಸಹಿ

ಕುವೈತ್, ದುಬೈನಲ್ಲಿ ಇರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಮುಖ್ತಿಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿ ಕಳಿಸಬಹುದು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಕಟ್ಟಿಸಬೇಕು. ಯಾವ ಸರ್ವೆ ನಂಬರು, ಯಾವ ಕೆಲಸ ಅಂತ ಅದರಲ್ಲಿ ಖಚಿತವಾಗಿ ಬರೆಯಿಸಿ. ಅನಿವಾಸಿಗಳು ಕೃಷಿ ಭೂಮಿ ಕೊಳ್ಳುವಂತಿಲ್ಲ, ಆದರೆ ವಾರಸಾದಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು.

ನಮ್ಮ ಕುವೈತ್ ಸಹಿ ಹೀಗೇ ಬಂತು, ಸುಲಭವಾಗಿ. ಕಷ್ಟ ಆದದ್ದು ಮಾತು ಬಿಟ್ಟವಳದ್ದು. ಅವಳಿದ್ದದ್ದು ಬರೀ ಕುಮಟೆಯಲ್ಲಿ. ಕೊನೆಗೆ ನಮ್ಮ ಆಯಿ ಒಂದು ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಬಸ್ಸು ಹತ್ತಿದಳು. ಆಧಾರ್ ಝೆರಾಕ್ಸ್ ಜೊತೆ ಸಂಜೆ ವಾಪಸ್ ಬಂದಳು. ಅಲ್ಲಿ ಏನು ಮಾತಾಯಿತು ಅಂತ ನಾವೂ ಕೇಳಲಿಲ್ಲ.